ಗೋರಂಟಿ ಹಚ್ಚದ ಬೆರಳು

ಸಗರದ ನ್ಯಾಯಬೆಲೆ ಅಂಗಡಿಗೆ ಬೆರಳಚ್ಚಿನ ಮಷೀನ್ ಬಂದ ವರ್ಷ ನಾನು ಅಲ್ಲಿ ಅಕ್ಕಿ ತೂಗುತ್ತಿದ್ದೆ. ಓದು ನನಗೆ ಹೆಸರು ಬರೆಯುವಷ್ಟೇ. ತಕ್ಕಡಿ ನೋಡಲು ಅಷ್ಟು ಸಾಕು. ಕಾರ್ಡಿನಲ್ಲಿ ಹೆಸರಿದ್ದವರು ಯಾರಾದರೂ ಬಂದು ಬೆರಳಿಡಬೇಕು. ಮಷೀನ್ ಒಪ್ಪಿದರೆ ಅಕ್ಕಿ. ತಿಂಗಳು ದಾಟಿದರೆ ಆ ತಿಂಗಳ ಅಕ್ಕಿ ಹೋದಂತೆಯೇ.

ಅದು ಶ್ರಾವಣ. ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿಯ ಕೂಲಿ ಬಿಡಲಾಗದೆ ಹೆಂಗಸರೆಲ್ಲ ತಿಂಗಳ ಕೊನೆಯ ದಿನ ಬಂದರು. ಪಂಚಮಿ ಆಗಷ್ಟೇ ಮುಗಿದಿತ್ತು. ಎಲ್ಲರ ಬೆರಳ ತುದಿಗೂ ಟೊಪ್ಪಿಗೆ ಹಾಕಿದಂತೆ ಗೋರಂಟಿ. ಹಬ್ಬಕ್ಕೆ ಮಾತ್ರವಲ್ಲ, ಕೆಸರಿನಲ್ಲಿ ಬೆರಳು ಕೊಳೆಯದಿರಲೆಂದೂ ದಪ್ಪಗೆ ಹಚ್ಚುತ್ತಾರೆ. ಮಷೀನ್ ಒಂದನ್ನೂ ಹಿಡಿಯಲಿಲ್ಲ.

ಸಾಲಿನಲ್ಲಿದ್ದ ಮಲ್ಲಮ್ಮ ಬೆರಳಿಗೆ ಬೂದಿ ಹಾಕಿ, ಕಲ್ಲಿಗೆ ಉಜ್ಜಿ, ರಕ್ತ ಬರಿಸಿಕೊಂಡಳು. ಗಂಡ ದುಡಿಯಲು ಪುಣೆಗೆ ಹೋಗಿದ್ದ. ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಶಹಾಪುರದ ಪೇಟೆಯಲ್ಲಿ ಎಣ್ಣೆ, ಬೇಳೆಯ ಬೆಲೆ ಆಗಲೇ ಕೈಗೆಟುಕದಷ್ಟು ಏರಿತ್ತು; ಅಕ್ಕಿಯನ್ನೂ ಕೊಳ್ಳಬೇಕಾದರೆ ಆ ಮಕ್ಕಳಿಗೆ ಒಪ್ಪೊತ್ತಿನ ಊಟವೇ.

ಅಂಗಡಿಯವ ಎದ್ದು ನಿಂತ. "ಮಷೀನ್ ಒಲ್ಲೆ ಅಂತದ ಯವ್ವಾ, ನಾ ಏನ್ ಮಾಡ್ಲಿ? ಬಾಗಿಲು ಹಾಕ್ತೀನಿ."

ತಕ್ಕಡಿಯ ಮೇಲಿದ್ದ ನನ್ನ ಕೈ ಕಣ್ಣಿಗೆ ಬಿತ್ತು. ಗಂಡ ಸತ್ತಂದಿನಿಂದ ಗೋರಂಟಿ ಕಾಣದ ಕೈ.

"ಏ ಮಲ್ಲಿ, ನಿಮ್ಮತ್ತಿನೂ ನನ್ನಂಗ ಗಂಡ ಇಲ್ಲದಾಕಿ. ಆಕಿ ಹೆಸರೂ ಕಾರ್ಡಿನ್ಯಾಗ ಅದ, ಬೆರಳು ಖಾಲಿ ಅದ. ಕರಕೊಂಡು ಬಾ," ಎಂದೆ.

"ಆಕಿ ನನ್ನ ಸಂಗಾಟ ಮಾತಾಡಂಗಿಲ್ಲ ದೊಡ್ಡವ್ವ. ಗೋರಂಟಿ ಅರಿಯುವಾಗ ಗಂಡ ಇಲ್ಲದಾಕಿ ಇರಬಾರದು, ಆಚಿ ಹೋಗಿ ಕೂಡು ಅಂದಿದ್ದೆ."

"ಈಗ ಈಚಿ ಬಾ ಅನ್ನು. ಬಾಯಿಗೂ ಗೋರಂಟಿ ಹಚ್ಚಿಯೇನ?"

ಅವಳು ಓಡಿದಳು. ಉಳಿದವರೂ ತಮ್ಮ ತಮ್ಮ ಮನೆಯ ಗಂಡನಿಲ್ಲದ ಮುದುಕಿಯರ ಕಡೆ ಓಡಿದರು. ಬಾಗಿಲು ಹಾಕಲಾಗದಂತೆ ನಾನು ಹೊಸ್ತಿಲ ಮೇಲೆ ತಕ್ಕಡಿ ಇಟ್ಟು ಅಡ್ಡ ಕುಳಿತೆ. ಅಂಗಡಿಯವ ಬೈದ. ಹೊತ್ತು ಇಳಿಯಿತು. ಬಾರದಿದ್ದರೆ ಏನು ಗತಿ ಎಂದು ಓಣಿಯ ಕಡೆಗೇ ನೋಡುತ್ತಿದ್ದೆ.

ಕೊನೆಗೆ ಅತ್ತೆ ನಾಗವ್ವ ಮುಂದೆ, ಮಲ್ಲಮ್ಮ ಹಿಂದೆ ಬಂದರು.

"ಈಗ ಬೇಕಾತೇನ್ರಿ ಈ ಬೋಳು ಕೈ?" ಎಂದು ನಾಗವ್ವ ಎಲ್ಲರಿಗೂ ಕೇಳುವಂತೆ ಅಂದಳು. ಮಲ್ಲಮ್ಮ ಕಾರ್ಡನ್ನು ಮಷೀನಿನ ಪಕ್ಕ ಇಟ್ಟಳು.

ಮೊದಲ ಸಲ ಮಷೀನ್ ಒಲ್ಲೆ ಎಂದಿತು. ನಾಗವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು. ಹಸಿರು ದೀಪ ಹತ್ತಿತು. ನಾನು ಅಕ್ಕಿ ಸುರಿದೆ.

ಮರುವರ್ಷ ಮಲ್ಲಮ್ಮ ಹೆಬ್ಬೆರಳು ಬಿಟ್ಟು ಗೋರಂಟಿ ಹಚ್ಚಿದಳು. ಆದರೂ ಬೆರಳಿಡಲು ನಾಗವ್ವನೇ ಬಂದಳು, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ. ಸರ್ಕಾರ ಅಕ್ಕಿ ಕಳಿಸುತ್ತದೆ; ಮನೆಯಲ್ಲಿ ಯಾರನ್ನು ಆಚೆ ಕೂರಿಸಿದ್ದಾರೆಂದು ಅದು ಕೇಳುವುದಿಲ್ಲ. ಅಂದಿನಿಂದ ಬರಿಗೈಯಲ್ಲಿ ಹೊರಟವರನ್ನು ನಿಲ್ಲಿಸಿ ಅದನ್ನು ನಾನೇ ಕೇಳುತ್ತಿದ್ದೆ.