ಹಿಂದ್ಲ ಗಾಲಿಯ ನಡೆ

ಹುಣಸೂರಿನಲ್ಲಿ ಮಡಿಕೇರಿ ರಸ್ತೆಗೆ ಮುಖ ಮಾಡಿ ಒಂದು ಟಿಂಕರಿಂಗ್ ಶೆಡ್ಡಿತ್ತು. ಗುದ್ದಿಸಿಕೊಂಡ ಕಾರುಗಳ ತಗ್ಗು ಎತ್ತಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆಯುವ ಜಾಗ. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಅಲ್ಲಿ ಸೇರುತ್ತಿದ್ದೆವು. ರಿಪೇರಿಗಲ್ಲ. ನಮ್ಮಲ್ಲಿ ಇಬ್ಬರಿಗೆ ಆಗ ಕಾರೇ ಇರಲಿಲ್ಲ. ಕಾರಿಗೆ ಚಂದ ಅನ್ನೋದು ಎಲ್ಲಿಂದ ಬರುತ್ತದೆ ಎಂಬ ಒಂದೇ ಜಗಳವನ್ನು ವಾರವಾರವೂ ಆಡುವುದಕ್ಕೆ ಸೇರುತ್ತಿದ್ದೆವು.

ಶೆಡ್ಡಿನ ಯಜಮಾನರು ಅರವತ್ತು ದಾಟಿದ ಸಾಬರು. ಊರೆಲ್ಲ ಅವರನ್ನು ಭಾಯ್ ಅನ್ನುತ್ತಿತ್ತು. ಎರಡನೆಯವನು ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟಿನಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದ ನನ್ನ ಹಾಸ್ಟೆಲ್ ಗೆಳೆಯ. ಪಿಯುಸಿಯಲ್ಲಿ ಓದು ಬಿಟ್ಟು ಸ್ಟೇರಿಂಗ್ ಹಿಡಿದವನು, ನನಗೂ ಹಿಡಿಯಲು ಕಲಿಸಿದವನು. ಮೂರನೆಯವರು ಕೆ.ಆರ್. ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರು. ನಾಲ್ಕನೆಯವನು ನಾನು, ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರಕ್ಕೆ ಎರಡು ಸಲ ಕೂತು ಮೂರನೇ ಸಲ ಪಾಸಾದೆ, ಅದನ್ನೇನೂ ಮುಚ್ಚಿಡುವುದಿಲ್ಲ. ಅಷ್ಟು ಕಷ್ಟಕ್ಕೆ ಬಂದ ಡಿಗ್ರಿಯಾದ್ದರಿಂದ ಎಲ್ಲಿ ಹೋದರೂ ಅದನ್ನು ಜೊತೆಯಲ್ಲೇ ಕರೆದುಕೊಂಡು ಹೋಗುತ್ತಿದ್ದೆ, ಆ ಶೆಡ್ಡಿಗೂ.

ಡ್ರೈವರ್ ಗೆಳೆಯನ ವಾದ ಸರಳ. "ಹಾರ ಕಟ್ಟೋಕೆ ಜಾಗ ಇರ್ಬೇಕು ಕಣ್ರೀ. ಮದ್ವೆ ಮನೆ ಮುಂದೆ ನಿಂತಾಗ ಕಾರಿಗೆ ಒಂದು ಎದೆ ಬೇಕು. ನನ್ನ ಅಂಬಾಸಿಡರ್‌ಗೆ ಎರಡು ಮಾರು ಸೇವಂತಿಗೆ ಬೇಕು. ಆ ಮಾರುತಿಗೆ ಏನ್ ಕಟ್ತೀರಿ? ಒಂದು ಮೊಳ ಮಲ್ಲಿಗೆ ತಂದು ಮುಡಿಸ್ಬೋದು ಅಷ್ಟೆ."

"ಎರಡು ಮಾರು ಸೇವಂತಿಗೆ ಸುತ್ತಿದ್ರೆ ನನ್ನ ನೀರಿನ ಡ್ರಮ್ಮೂ ಚಂದ ಕಾಣ್ತದೆ," ಅನ್ನುತ್ತಿದ್ದರು ಭಾಯ್. ಅವರ ಲೆಕ್ಕದಲ್ಲಿ ಕಾರಿನ ಚಂದ ಕಣ್ಣಿನ ವಿಷಯವೇ ಅಲ್ಲ. ಒಂದು ಸಲ ನನ್ನ ಕಣ್ಣು ಮುಚ್ಚಿಸಿ, ಅಂಗೈ ಹಿಡಿದು, ಯಾವುದೋ ಪದ್ಮಿನಿ ಕಾರಿನ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ದೀಪದವರೆಗೆ ಮೆಲ್ಲಗೆ ಎಳೆದುಕೊಂಡು ಹೋದರು. "ಎಲ್ಲಾದ್ರೂ ಕೈ ನಿಂತುಬಿಡ್ತಾ ಮೇಷ್ಟ್ರೇ? ಇಲ್ಲ ಅಲ್ವಾ? ಅದು ಚಂದ. ಬಣ್ಣ ಕಣ್ಣಿಗೆ ಸುಳ್ಳು ಹೇಳ್ತದೆ. ಅಂಗೈಗೆ ಹೇಳೋಕಾಗಲ್ಲ."

ಡ್ರಾಯಿಂಗ್ ಮೇಷ್ಟ್ರು ಮಾತಾಡುವುದೇ ಕಡಿಮೆ. ಸೀಮೆಸುಣ್ಣ ತೆಗೆದು, ಕೈ ಎತ್ತದೆ ಒಂದೇ ಗೆರೆಯಲ್ಲಿ ಶೆಡ್ಡಿನ ಗೋಡೆ ಮೇಲೆ ಕಾರು ಬರೆಯುತ್ತಿದ್ದರು. ಬರೆದ ಕೂಡಲೇ ಇಂಥದ್ದೇ ಕಾರು ಎಂದು ಗುರುತು ಸಿಕ್ಕರೆ ಅದು ಚಂದದ ಕಾರು. ಸಿಗದಿದ್ದರೆ, "ಇದು ಬರೀ ಡಬ್ಬ ರೀ," ಎಂದು ಅಂಗೈಯಲ್ಲಿ ಒರೆಸಿಬಿಡುತ್ತಿದ್ದರು. ಆ ಗೋಡೆ ಮೇಲೆ ಅಂಬಾಸಿಡರ್ ಮೂರು ಸಲ ಉಳಿದಿತ್ತು, ಪದ್ಮಿನಿ ಎರಡು ಸಲ, ಜೀಪು ಒಂದು ಸಲ.

ನಾನು ಗಾಳಿಯ ಪಾಠ ಹೇಳುತ್ತಿದ್ದೆ. ಎದುರು ಗಾಳಿಯನ್ನು ಕಡಿಮೆ ಗಲಾಟೆಯಲ್ಲಿ ಹಿಂದಕ್ಕೆ ಕಳಿಸುವ ಆಕಾರವೇ ಚಂದದ ಆಕಾರ, ಮೀನು ನೋಡಿ, ಹಕ್ಕಿ ನೋಡಿ ಎಂದು. ಗೆಳೆಯ ಬೀಡಿ ತೆಗೆಯುತ್ತಾ, "ಲೇ ಮೇಷ್ಟ್ರೇ, ನೀನು ಮೂರು ಸಲ ಬರೆದ ಪೇಪರ್ರು ಇದೇ ತಾನೆ?" ಅನ್ನುತ್ತಿದ್ದ. ಶೆಡ್ಡೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ.

ಇಂಥ ಜಗಳದ ನಡುವೆ ಒಂದು ಭಾನುವಾರ ಆ ಕಾಂಟೆಸ್ಸಾ ಬಂದು ನಿಂತಿತ್ತು. ಕೊಡಗಿನ ಕಾಫಿ ತೋಟದವರೊಬ್ಬರದು. ಬಣ್ಣ ಹೊಡೆಸಲು ಬಿಟ್ಟು ಹೋದವರು, ಆಮೇಲೆ ಮನಸ್ಸು ಬದಲಾಯಿಸಿ, ಗಿರಾಕಿ ಸಿಕ್ಕರೆ ಕೊಟ್ಟುಬಿಡಿ ಎಂದು ಭಾಯ್‌ಗೆ ಹೇಳಿದ್ದರಂತೆ. ಹೊಸ ಕಡುನೀಲಿ ಬಣ್ಣ ಇನ್ನೂ ಹಸಿಹಸಿ ಹೊಳೆಯುತ್ತಿತ್ತು. ಉದ್ದನೆಯ ಬಾನೆಟ್ಟು, ಅದಕ್ಕೆ ಸರಿಜೋಡಿಯಾದ ಉದ್ದನೆಯ ಡಿಕ್ಕಿ, ನೆಲಕ್ಕೆ ಆತುಕೊಂಡಂಥ ನಿಲುವು. ನಾಲ್ಕು ಜನವೂ ಅವತ್ತು ಜಗಳ ಮರೆತು ಅದರ ಸುತ್ತ ಒಂದು ಸುತ್ತು ಬಂದೆವು. ಗೆಳೆಯ ಬಾನೆಟ್ಟಿನ ಮೇಲೆ ಗೇಣು ಹಾಕಿ ಅಳೆದು, "ಮೂರು ಮಾರು ಹೂವು," ಅಂದ. ಡ್ರಾಯಿಂಗ್ ಮೇಷ್ಟ್ರು ಗೋಡೆ ಕಡೆ ತಿರುಗಿ ಒಂದೇ ಗೆರೆ ಎಳೆದರು. ನೋಡಿದರೆ ಅದೇ, ಬೇರೆ ಯಾವುದೂ ಅಲ್ಲ. ಭಾಯ್ ಮಾತ್ರ, "ನಾನೇ ಉಜ್ಜಿದ್ದು, ನಾನೇನು ಹೇಳ್ಲಿ," ಎಂದು ಕೈ ಒರೆಸಿಕೊಂಡರು.

ನನಗೆ ಆ ಕಾರು ಬೇಕು ಅನ್ನಿಸಿತು. ಬೇಕು ಅಂದರೆ ಹೇಗೆ ಬೇಕು ಎಂದರೆ, ಆ ವಾರವೆಲ್ಲ ಒಂಬತ್ತನೇ ಕ್ಲಾಸಿಗೆ ವೇಗೋತ್ಕರ್ಷದ ಲೆಕ್ಕ ಕೊಡುವಾಗ ಬೋರ್ಡಿನ ಮೇಲೆ ಕಾಂಟೆಸ್ಸಾನೇ ಓಡಿತು. ಬೆಲೆಯಲ್ಲಿ ಅರ್ಧ ನನ್ನ ಹತ್ತಿರ ಇತ್ತು. ಇನ್ನರ್ಧ ಆ ವರ್ಷದ ಹೊಗೆಸೊಪ್ಪಿನ ದುಡ್ಡಿನಲ್ಲಿ ಅಪ್ಪ ಕೊಡಬೇಕು. ಅಪ್ಪನದು ಒಂದೇ ಮಾತು: ನೋಡದೆ ಒಪ್ಪಲ್ಲ. ಇತ್ತ ಭಾಯ್, "ಸೋಮವಾರ ಮೈಸೂರಿಂದ ಒಬ್ರು ಬರ್ತಾ ಇದ್ದಾರೆ. ಭಾನುವಾರ ಸಾಯಂಕಾಲದೊಳಗೆ ನೀವು ಹೇಳಿದ್ರೆ ನಿಮ್ಮದು," ಅಂದಿದ್ದರು. ಅಂದರೆ ಅಪ್ಪ ಬೇಡ ಅಂದರೆ ಕಾರು ಮೈಸೂರಿಗೆ.

ಭಾನುವಾರ ಬೆಳಗಿನ ಬಸ್ಸಿಗೆ ಅಪ್ಪ ಬಂದ. ನಮ್ಮೂರು ಮಿರ್ಲೆಯ ಪಕ್ಕದ ಸಣ್ಣ ಹಳ್ಳಿ. ಅಲ್ಲಿ ಸುತ್ತಮುತ್ತ ಯಾರು ಎತ್ತು ಕೊಳ್ಳುವುದಿದ್ದರೂ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅದು ಗೆಳೆಯನಿಗೂ ಗೊತ್ತಿತ್ತು.

"ಯಜಮಾನ್ರೇ, ಸುಳಿ ನೋಡ್ತೀರಾ? ಬಾನೆಟ್ ಎತ್ಲಾ?" ಅಂದ ಅವನು, ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಶಕುನ ಹೇಳುವವರ ಧಾಟಿಯಲ್ಲಿ.

"ಸುಳಿ ನೋಡೋದು ತಿರುಗಾ ಮಾರೋನು ಕಣಪ್ಪ," ಅಂದ ಅಪ್ಪ. "ನಾನು ಕಟ್ಕಂಡು ಉಳೋನು. ನಂಗೆ ನಡೆ ತೋರ್ಸಿ."

ನಡೆ ಅಂದರೆ ಏನು ಎಂದು ಡ್ರಾಯಿಂಗ್ ಮೇಷ್ಟ್ರು ಕೇಳಿದರು. ನಾನೇ ಹೇಳಿದೆ. ಅಪ್ಪ ಎತ್ತಿನ ಮುಖವನ್ನು ಮೊದಲು ನೋಡುವುದಿಲ್ಲ. ಹಸಿ ನೆಲದ ಮೇಲೆ ನಡೆಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ನೋಡುತ್ತಾನೆ. ಮುಂದಿನ ಕಾಲು ಊರಿದ ಗುರುತಿನ ಮೇಲೇ ಹಿಂದಿನ ಕಾಲು ಬೀಳಬೇಕು. ಬಿದ್ದರೆ ನಡೆ ಇದೆ, ಇಲ್ಲದಿದ್ದರೆ ಕೊಂಬು ಎಷ್ಟು ಚಂದ ಇದ್ದರೂ ಬೇಡ. ಹೇಳುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ಕಾರಿಗೂ ಎತ್ತಿನ ಪರೀಕ್ಷೆ ಮಾಡುವ ಅಪ್ಪನನ್ನು ಇವರೆಲ್ಲ ಏನಂದುಕೊಂಡಾರು ಅಂತ.

ಅಪ್ಪ ಆಗಲೇ ಟವೆಲ್ಲನ್ನು ಸೊಂಟಕ್ಕೆ ಬಿಗಿದಿದ್ದ. ಡ್ರಮ್ಮಿನಿಂದ ನಾಲ್ಕು ಬಕೆಟ್ ನೀರು ತಂದು ಶೆಡ್ಡಿನ ಮುಂದಿನ ಕೆಮ್ಮಣ್ಣಿನ ಅಂಗಳಕ್ಕೆ ಉದ್ದಕ್ಕೂ ಚಿಮುಕಿಸಿ, ಕಾಲಲ್ಲಿ ಸಮ ಮಾಡಿದ. "ಈಗ ನೇರಕ್ಕೆ ಓಡ್ಸಪ್ಪ. ತಿರುಗಿಸ್ಬ್ಯಾಡ."

ಗೆಳೆಯ ಓಡಿಸಿದ. ಕಡುನೀಲಿ ಕಾರು ಸದ್ದಿಲ್ಲದೆ ಅಂಗಳ ದಾಟಿ ಬೇಲಿ ಹತ್ತಿರ ನಿಂತಿತು. ನೋಡಲು ಎಷ್ಟು ಚಂದ ಇತ್ತೆಂದರೆ ನಾನು ಅಪ್ಪನನ್ನು ನೋಡುವುದನ್ನೇ ಮರೆತೆ. ಅಪ್ಪ ಕಾರನ್ನು ನೋಡುತ್ತಿರಲಿಲ್ಲ. ನೆಲದ ಮೇಲೆ ಕೂತು, ಗಾಲಿಯ ಜಾಡಿಗೆ ಬೆರಳು ಇಟ್ಟಿದ್ದ.

"ಚಂದ ಅದೆ," ಅಂದ. "ನಡೆ ಇಲ್ಲ."

ಹೋಗಿ ನೋಡಿದೆವು. ಒಂದು ಬದಿ ಒಂದು, ಇನ್ನೊಂದು ಬದಿ ಒಂದು, ಹೀಗೆ ಎರಡು ಜಾಡು ಇರಬೇಕಾದಲ್ಲಿ ನಾಲ್ಕು ಗೆರೆ ಬಿದ್ದಿದ್ದವು. ಎರಡು ಬದಿಯಲ್ಲೂ ಹಿಂದಿನ ಗಾಲಿ ಮುಂದಿನದರ ಮೇಲೆ ಕೂರದೆ ಮೂರು ಬೆರಳಿನಷ್ಟು ಎಡಕ್ಕೆ ಸರಿದು ಓಡಿತ್ತು. ಕಾರು ಮುಂದಕ್ಕೆ ನೋಡಿಕೊಂಡು ಅಡ್ಡಡ್ಡ ನಡೆಯುತ್ತಿತ್ತು, ನಾಯಿ ಓಡುವ ಹಾಗೆ.

"ಸ್ಟೇರಿಂಗ್ ಒಂಚೂರು ಎಳೀತಿತ್ತು," ಗೆಳೆಯ ತಲೆ ಕೆರೆದುಕೊಂಡ. "ಅಲೈನ್ಮೆಂಟು ಅಂದ್ಕಂಡೆ."

ಭಾಯ್ ಮುಖ ಕಪ್ಪಿಟ್ಟಿತು. "ನನ್ನ ಕೈಯಲ್ಲಿ ಇಷ್ಟು ದಿನ ಇತ್ತು ಈ ಗಾಡಿ," ಅಂದರು ಮೆಲ್ಲಗೆ. "ಎಲ್ಲೋ ಹಳ್ಳಕ್ಕೆ ಹಾರಿದೆ. ಬಾಡಿನೇ ತಿರುಚಿದ್ರೆ ಕಷ್ಟ ಮೇಷ್ಟ್ರೇ. ನನಗೂ ಆಗಲ್ಲ, ಯಾರಿಗೂ ಆಗಲ್ಲ. ಬಿಟ್ಟುಬಿಡಿ."

ಅಪ್ಪ ಎದ್ದು ಟವೆಲ್ ಕೊಡವಿದ. "ಬುಡ್ಲಾ, ಬ್ಯಾರೆ ನೋಡುವಾ," ಅಂದ. ಹನ್ನೊಂದೂವರೆಯ ಬಸ್ಸಿಗೆ ಹೊರಟೇಬಿಡುವ ಲಕ್ಷಣ.

ಆಗ ನನಗೆ ಬಂದದ್ದು ಸಿಟ್ಟೋ ಹುರುಪೋ ಗೊತ್ತಿಲ್ಲ. ಅಪ್ಪ ಕಂಡದ್ದು ನಿಜ. ಆದರೆ ಕಂಡದ್ದಕ್ಕೆ ಕಾರಣ ಬಾಡಿಯೇ ಅಂತ ಯಾರು ಹೇಳಿದರು? ಅಡ್ಡ ನಡೆಯಲು ಹಿಂದಿನ ಎರಡು ಗಾಲಿ ಸೇರಿಸುವ ಅಚ್ಚು ಓರೆಯಾಗಿ ಕೂತರೂ ಸಾಕಲ್ಲವೇ? "ತಡಿ ಅಪ್ಪ, ಒಂದ್ಗಂಟೆ ಕೂತ್ಕ," ಅಂದೆ. "ಭಾಯ್, ದಾರ ಕೊಡಿ. ಒಂದು ನಟ್ಟೂ ಕೊಡಿ."

ದಾರದ ತುದಿಗೆ ನಟ್ಟು ಕಟ್ಟಿ ತೂಗುಗುಂಡು ಮಾಡಿದೆ. ಕಾರನ್ನು ಶೆಡ್ಡಿನ ಸಿಮೆಂಟು ನೆಲಕ್ಕೆ ತಂದು, ಅಡಿಗೆ ನುಗ್ಗಿ, ಬಾಡಿಯ ನಾಲ್ಕು ಮೂಲೆಯಿಂದ ದಾರ ಇಳಿಬಿಟ್ಟೆ. ನಟ್ಟು ಮುಟ್ಟಿದ ಕಡೆ ಡ್ರಾಯಿಂಗ್ ಮೇಷ್ಟ್ರು ಸೀಮೆಸುಣ್ಣದ ಚುಕ್ಕಿ ಇಟ್ಟರು. ಕಾರನ್ನು ಹಿಂದಕ್ಕೆ ತಳ್ಳಿದರೆ ನೆಲದ ಮೇಲೆ ನಾಲ್ಕು ಚುಕ್ಕಿ. ಒಂದು ಮೂಲೆಯಿಂದ ಓರೆಯಾಗಿ ಅದರೆದುರು ಮೂಲೆಗೆ ದಾರ ಎಳೆದೆ, ಉಳಿದೆರಡು ಮೂಲೆಗೂ ಹಾಗೇ ಅದೇ ದಾರ ಎಳೆದೆ. ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ.

"ಬಾಡಿ ನೆಟ್ಟಗಿದೆ," ಅಂದೆ. "ತಿರುಚಿದ್ರೆ ಒಂದು ಉದ್ದ ಬರ್ಬೇಕಿತ್ತು, ಇನ್ನೊಂದು ಗಿಡ್ಡ."

ಆಮೇಲೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ದಾರ ಹಿಡಿದೆ. ಬಲಗಡೆ ಹಿಡಿದ ಅಳತೆಯನ್ನು ಎಡಗಡೆಗೆ ತಂದರೆ ಎರಡು ಬೆರಳು ಸಾಲಲಿಲ್ಲ. ಎಡಗಡೆಯ ಹಿಂದಿನ ಗಾಲಿ ಎರಡು ಬೆರಳು ಹಿಂದಕ್ಕೆ ಜಾರಿ ಕೂತಿತ್ತು.

ಭಾಯ್ ನನ್ನ ಮಾತು ಮುಗಿಯುವ ಮೊದಲೇ ಗೋಣಿಚೀಲ ಹಾಸಿ ಕಾರಿನಡಿ ಮಲಗಿದ್ದರು. ಅಲ್ಲಿಂದಲೇ ನಗು ಕೇಳಿಸಿತು. "ಅರೆ ಮೇಷ್ಟ್ರೇ, ಬನ್ನಿ ಇಲ್ಲಿ." ಹಿಂದಿನ ಗಾಲಿಯ ಭಾರ ಹೊರುವ ಕಮಾನುಪಟ್ಟಿಗಳನ್ನು ಒಟ್ಟಿಗೆ ಹಿಡಿದು, ಅಚ್ಚನ್ನು ಅದರ ಜಾಗದಲ್ಲಿ ನಿಲ್ಲಿಸುವ ಒಂದು ಬೋಲ್ಟ್ ಇರುತ್ತದೆ. ಅದು ತುಂಡಾಗಿತ್ತು. ಒಂದು ಬೋಲ್ಟು, ಕಿರುಬೆರಳಿನಷ್ಟು ಉದ್ದ.

"ಭಾನುವಾರ ಅಂಗಡಿ ಯಾವುದು ತೆಗ್ದಿರ್ತದೆ?" ಅಂದೆ ನಾನು.

ಗೆಳೆಯ ಎದ್ದು ತನ್ನ ಅಂಬಾಸಿಡರಿನ ಡಿಕ್ಕಿ ತೆರೆದ. ಕೋಟೆ ರಸ್ತೆಯ ಗುಂಡಿಗಳಿಗೆಂದು ಅವನು ಆ ಬೋಲ್ಟನ್ನು ಸದಾ ಎರಡು ಇಟ್ಟುಕೊಂಡಿರುತ್ತಿದ್ದ. ತಂದು ಅಳತೆ ನೋಡಿದರೆ ಕೂತಿತು. ಅವನ ಮುಖ ನೋಡಬೇಕಿತ್ತು. "ನೋಡ್ಲಾ, ನಿನ್ ಮಹಾರಾಣಿ ನೆಟ್ಟಗೆ ನಡೆಯೋಕೆ ನಮ್ಮ ಅಂಬಾಸಿಡರ್ ಅಜ್ಜಿ ಬೋಲ್ಟೇ ಬೇಕಾಯ್ತು. ಇನ್ಮೇಲೆ ಗಾಳಿ ಮೀನು ಹಕ್ಕಿ ಅಂದ್ರೆ ಕಿತ್ಕಂಡು ಹೋಯ್ತೀನಿ."

ಮಧ್ಯಾಹ್ನದ ಊಟಕ್ಕೂ ಯಾರೂ ಏಳಲಿಲ್ಲ. ಜಾಕಿ ಕೊಟ್ಟು, ಅಚ್ಚನ್ನು ಸನ್ನೆಕೋಲಿನಲ್ಲಿ ಮುಂದಕ್ಕೆ ತಂದು, ಬೋಲ್ಟ್ ಬಿಗಿದು, ಭಾಯ್ ಹೊರಗೆ ಬಂದಾಗ ಗಡ್ಡದ ತುಂಬ ಗ್ರೀಸು. ನಾನು ದಾರ ಹಿಡಿದೆ. ಎಡ ಬಲ ಸಮ. ಆದರೆ ದಾರ ಒಪ್ಪಿದರೆ ಏನು ಬಂತು, ಒಪ್ಪಬೇಕಾದವನು ಹೊಂಗೆ ಮರದ ಕೆಳಗೆ ಕೊಡೆ ಹಿಡಿದು ಕೂತಿದ್ದ.

ಅಪ್ಪ ಮತ್ತೆ ನಾಲ್ಕು ಬಕೆಟ್ ನೀರು ಚಿಮುಕಿಸಿದ. ಮತ್ತೆ ಕಾಲಲ್ಲಿ ಸಮ ಮಾಡಿದ. ಈ ಸಲ ಓಡಿಸಿದವನು ನಾನು. ಬೇಲಿ ಹತ್ತಿರ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದೆ. ಅಪ್ಪ ಕೂತ. ಬಗ್ಗಿದ. ಒಂದು ಬದಿಯ ಜಾಡು ನೋಡಿ ಮುಗಿಸಿ ಇನ್ನೊಂದು ಬದಿಗೆ ಕೂತಲ್ಲಿಂದಲೇ ಸರಿದ. ಉಳಿದ ಮೂವರೂ ಅವನ ಹಿಂದೆ ಬಗ್ಗಿ ನಿಂತಿದ್ದರು. ಡಿಗ್ರಿಯ ಫಲಿತಾಂಶ ನೋಡಲು ನೋಟೀಸ್ ಬೋರ್ಡಿನ ಮುಂದೆ ಮೂರನೇ ಸಲ ನಿಂತವನ ಹಾಗೆ ನಾನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

ಅಪ್ಪ ಎದ್ದ. "ನಡೀತದೆ," ಅಂದ.

ಅಷ್ಟೆ. ಕೊಡೆ ಮಡಿಸಿಕೊಂಡು ಬಂದು ಮುಂದಿನ ಬಾಗಿಲು ತೆಗೆಸಿ ಕೂತ.

ಹೊಸ ಜಗಳ ಅಲ್ಲಿಂದ ಶುರುವಾಯಿತು. "ನಡೀತದೆ ಅಂದ್ರೆ ಅಡ್ಜಸ್ಟ್ ಮಾಡ್ಕಬೋದು ಅಂತ ತಾನೆ?" ಅಂದ ಗೆಳೆಯ. "ಚಂದ ಅಂತ ಎಲ್ಲಿ ಅಂದ್ರು?" ಭಾಯ್ ಒಪ್ಪಲಿಲ್ಲ. "ನೆಟ್ಟಗೆ ನಡೀತದೆ ಅಂತ. ಅವ್ರ ಕಡೆ ಅದಕ್ಕಿಂತ ದೊಡ್ಡ ಮಾತಿಲ್ಲ." ಡ್ರಾಯಿಂಗ್ ಮೇಷ್ಟ್ರು ಗೋಡೆಯ ಮೇಲಿದ್ದ ಒಂಟಿ ಗೆರೆಯ ಕಾಂಟೆಸ್ಸಾದ ಅಡಿಗೆ ನೆಟ್ಟಗೆ ಇನ್ನೊಂದು ಗೆರೆ ಎಳೆದರು. ಅಪ್ಪನನ್ನೇ ಕೇಳೋಣ ಎಂದು ಕಿಟಕಿಯ ಹತ್ತಿರ ಹೋದರೆ, "ನಡೀತದೆ ಅಂದ್ನಲ್ಲ, ಇನ್ನೇನು?" ಅಂದ.

ಭಾಯ್‌ಗೆ ದುಡ್ಡು ಎಣಿಸಿ ಕೊಟ್ಟು, ಸಾಯಂಕಾಲ ಊರಿಗೆ ಹೊರಟೆವು. ನಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಅಪ್ಪ. ಹಿಂದೆ ಅಂಬಾಸಿಡರಿನಲ್ಲಿ ಗೆಳೆಯ ಬರುತ್ತಿದ್ದ, ತನ್ನ ಬೋಲ್ಟಿನ ಕಾವಲಿಗಂತೆ. ಟಾರು ಮುಗಿದು ನಮ್ಮೂರಿನ ಮಣ್ಣು ದಾರಿಗೆ ಇಳಿದಾಗ ಕಾಲುವೆ ನೀರು ಹರಿದು ನೆಲ ಹಸಿಯಾಗಿತ್ತು. ತಡೆಯಲಾಗಲಿಲ್ಲ. ವೇಗ ತಗ್ಗಿಸಿ, ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಹಿಂದೆ ಉದ್ದಕ್ಕೂ ಎರಡೇ ಜಾಡು, ಬಿಸಿಲು ಬಿದ್ದು ಹೊಳೆಯುತ್ತಾ ಬರುತ್ತಿದ್ದವು.

"ಹಿಂದೆ ಏನ್ಲಾ ನೋಡೀಯೆ," ಅಂದ ಅಪ್ಪ, ತಾನು ಆಚೆ ಕಿಟಕಿಯಿಂದ ಅದನ್ನೇ ನೋಡುತ್ತಾ. "ಮುಂದೆ ನೋಡ್ಕಂಡು ಓಡ್ಸು."