ಸಂತನ ಹಣೆಗೆ ಅಜ್ಜಿ ಇಟ್ಟ ಕುಂಕುಮ

ಇವತ್ತು ಆಯುಧಪೂಜೆಗೆಂದು ಪುಸ್ತಕಗಳನ್ನು ಒರೆಸುತ್ತಿದ್ದಾಗ ಹಳೇ ವಿಭೂತಿಯ ವಾಸನೆಯ ಚಿತ್ರಪುಸ್ತಕವೊಂದು ಕೈಗೆ ಬಂತು. ಮುಖಪುಟದಲ್ಲಿ ಕುದುರೆ ಮೇಲೆ ಕೂತ ಕ್ರೈಸ್ತ ಸಂತ, ಚಳಿಗೆ ನಡುಗುವ ಭಿಕ್ಷುಕನಿಗೆ ತಾನು ಹೊದ್ದ ಬಟ್ಟೆಯನ್ನೇ ಸೀಳಿ ಅರ್ಧ ಕೊಡುತ್ತಿದ್ದಾನೆ.

ನಮ್ಮದು ಯಲಿಯೂರಿನ ಒಕ್ಕಲು ಮನೆ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಕಾಲಿನ ಹುಣ್ಣು ತೊಳೆದು ವಾಸಿ ಮಾಡಿದ ಮಂಡ್ಯದ ಮಿಷನ್ ಆಸ್ಪತ್ರೆಯ ಸಿಸ್ಟರು ಎರಡು ಪುಸ್ತಕ ಕೊಟ್ಟಿದ್ದರು. ದೊಡ್ಡವರಿಗೆ ಸಂತರ ಕಥೆಗಳ ದಪ್ಪನೆಯದೊಂದು, ನನಗೆ ಈ ಚಿತ್ರದ್ದು. ಮಧ್ಯಾಹ್ನ ಅಮ್ಮ ದಪ್ಪ ಪುಸ್ತಕವನ್ನು ಜೋರಾಗಿ ಓದುತ್ತಿದ್ದಳು. ಓದು ಬಾರದ ಅಜ್ಜಿ ಅವರೆಕಾಯಿ ಸುಲಿಯುತ್ತಾ, ನನ್ನ ಪುಸ್ತಕದ ಚಿತ್ರ ನೋಡುತ್ತಾ ಕೇಳುತ್ತಿದ್ದಳು.

ಆ ವರ್ಷ ಆಯುಧಪೂಜೆಗೆ ಅಜ್ಜಿ ನೇಗಿಲು, ಕುಡುಗೋಲು, ನನ್ನ ಶಾಲೆ ಪುಸ್ತಕಗಳ ಜೊತೆ ಇವೆರಡನ್ನೂ ಇಟ್ಟಳು. ಚಿಕ್ಕಪ್ಪ ಸಿಡುಕಿದ.

"ಅವ್ವಾ, ಇವ್ನು ನಮ್ ದೇವ್ರಲ್ಲ. ಎತ್ತಾಕು, ಜನ ನೋಡ್ತಾರೆ."

"ನೋಡ್ಲಿ ಬುಡ್ಲಾ. ಚಳೀಲಿ ನಡುಗೋನ್ಗೆ ಒದ್ದಿದ್ ಬಟ್ಟೆನೇ ಅರ್ದು ಕೊಟ್ಟವ್ನೆ. ನೀನು ಒಂದು ಅಳೇ ಕಂಬ್ಳಿನಾರ ಯಾರ್ಗಾರ ಕೊಟ್ಟಿದ್ದೀಯೇನ್ಲಾ?"

ಹಾಗೆಂದವಳೇ ಸಂತನ ಹಣೆಗೂ, ನಮ್ಮ ಎತ್ತುಗಳಿಗೆ ಇಡುವ ಹಾಗೆ ಅವನ ಕುದುರೆಯ ಹಣೆಗೂ ಕುಂಕುಮ ಇಟ್ಟಳು. ಚಿಕ್ಕಪ್ಪ ಆವತ್ತು ಕಡ್ಲೆಪುರಿ ಮುಟ್ಟಲಿಲ್ಲ. ಅಜ್ಜಿ ಅವನ ಪಾಲನ್ನೂ ನನ್ನ ಲಂಗಕ್ಕೆ ಸುರಿದಳು.

ಈಗ ಈ ಪುಸ್ತಕವನ್ನೂ ಇಟ್ಟು ಪೂಜೆ ಮುಗಿಸಿ ನೆಂಟರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಚಿಕ್ಕಪ್ಪನ ಮಗ ಬರೆದ: "ಅಕ್ಕ, ಆ ಪುಸ್ತಕ ತೆಗೆದು ಬೇರೆ ಫೋಟೊ ಹಾಕು. ಜನ ನೋಡ್ತಾರೆ."

ಬೇರೆ ಫೋಟೊ ತೆಗೆದೆ. ಮಾಸಿದ ಕುಂಕುಮದ ಮೇಲೆ ಹೊಸ ಕುಂಕುಮ ಇಟ್ಟು, ಹತ್ತಿರದಿಂದ. ಅದನ್ನೇ ಈ ಪೋಸ್ಟಿನ ಜೊತೆ ಇಲ್ಲಿ, ಊರಿಗೆಲ್ಲ ಕಾಣುವ ಹಾಗೆ ಹಾಕಿದ್ದೇನೆ.