ಅಣ್ಣನ ಕೋಡ್ ತೋರಿಸಿ ನಗಿಸಿದ್ದು

ಚೀಲ ಬಿಚ್ಚಿದ ಕೂಡಲೇ ಹೊಸ ಟೀ-ಶರ್ಟಿನ ರಬ್ಬರಿನಂಥ ವಾಸನೆ ಮೂಗಿಗೆ ಬಡಿಯಿತು. ಮೊನ್ನೆ ನವಿ ಮುಂಬಯಿಯ ಡೆವಲಪರ್ ಸಮ್ಮೇಳನದಲ್ಲಿ ಪುಕ್ಕಟೆ ಕೊಟ್ಟದ್ದು. ವರ್ಷವಿಡೀ ಇಂಥವನ್ನೇ ತೊಡುತ್ತಿದ್ದ ಅಣ್ಣ ನೆನಪಾದರು. ಅದನ್ನು ಮಡಚಿ ಕಪಾಟಿನ ಹಿಂದಕ್ಕೆ ತಳ್ಳಿದೆ.

ಒಡಹುಟ್ಟಿದ ಅಣ್ಣ ಅಲ್ಲ. ಠಾಣೆಯ ನನ್ನ ಮೊದಲ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಸೀನಿಯರ್, ಉಡುಪಿ ಕಡೆಯವರು, ಪಕ್ಕದ ಕಳವಾ ಊರಿನಿಂದ ರೈಲಿನಲ್ಲಿ ಬರುತ್ತಿದ್ದರು. ಬೇರೆಯವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಪ್ರೋಗ್ರಾಮಿಂಗ್ ಭಾಷೆಗಳ ಸುದ್ದಿ ನೋಡುವ ಆಸಾಮಿ. ನೌಪಾಡಾದ ಹೋಟೆಲಿನಲ್ಲಿ ಇಡ್ಲಿ ಮುರಿಯುವಾಗಲೂ ಕಣ್ಣು ಮೊಬೈಲಿನ ಮೇಲೆ.

“ಹೊಸ ವರ್ಷನ್ ಬಂತು ಮಾರಾಯ್ತಿ! ನಿನ್ನ ಅರ್ಧ ತಪ್ಪು ಇನ್ನು ಅದೇ ಹಿಡೀತದೆ.”

“ಉಳಿದರ್ಧ?”

“ಅದಕ್ಕೆ ನಾನುಂಟಲ್ಲ.”

ನಿಜಕ್ಕೂ ಇದ್ದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಟಿಕೆಟ್ ಬುಕಿಂಗ್ ಆ್ಯಪಿಗೆ ನಾನು ಬರೆದ ಕೋಡ್‌ನಿಂದಾಗಿ ಬಸ್ಸಿನ ಒಂದೇ ಸೀಟು ಇಬ್ಬಿಬ್ಬರಿಗೆ ಬುಕ್ ಆಗತೊಡಗಿತು. ಅದೂ ಗಣಪತಿ ಹಬ್ಬಕ್ಕೆ ಜನ ಊರಿಗೆ ಹೊರಟಾಗ! ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಚೌತಿಯ ಪೂಜೆ ಬಿಟ್ಟು ಬಂದು, ಸೀಟು ಖಾಲಿಯಿದೆಯೇ ಎಂದು ಹೆಜ್ಜೆ ಹೆಜ್ಜೆಗೂ ಕೇಳುವ ಉದ್ದನೆಯ ಕೋಡ್ ಬರೆದು ಸರಿಮಾಡಿದರು. ನೋಡಲು ವಿಕಾರ, ಆದರೆ ಕೆಲಸ ಮಾಡಿತು. ತಪ್ಪು ಯಾರದೆಂದು ಮ್ಯಾನೇಜರಿಗೆ ಹೇಳಲೇ ಇಲ್ಲ. ನನ್ನ ನೌಕರಿ ಉಳಿಯಿತು.

ಕೆಲವು ವರ್ಷಗಳ ನಂತರ ಕಂಪನಿ ಅಣ್ಣನನ್ನೇ ಮನೆಗೆ ಕಳಿಸಿತು. ಐವತ್ತರ ಹತ್ತಿರ ಬಂದವರಿಗೆ ಬೇರೆ ಕೆಲಸ ಸಿಗುವುದು ಸುಲಭವಿರಲಿಲ್ಲ. ಇತ್ತ ನಾನು ಅವರ ಆ ಸೀಟಿನ ಕೋಡನ್ನು ಹೊಸ ಭಾಷೆಯಲ್ಲಿ ಚೊಕ್ಕವಾಗಿ ಬರೆದು, ಅದರ ಬಗ್ಗೆ ಮಾತಾಡಲು ಆಗಿನ ಒಂದು ಸಮ್ಮೇಳನದ ವೇದಿಕೆ ಹತ್ತಿದೆ. ಇಂಥ ಭಾಷಣಗಳಲ್ಲಿ ಮೊದಲು ಹಳೆಯ ಕೋಡ್ ತೋರಿಸಿ ನಗಿಸುವುದು ವಾಡಿಕೆ. ಹೆಸರು ಹೇಳುವುದಿಲ್ಲವಲ್ಲ, ಯಾರಿಗೇನು ನಷ್ಟ ಅಂದುಕೊಂಡೆ, ಪಾಪಿ. “ಇದನ್ನು ಬರೆದವರು ಹೋದ ಜನ್ಮದಲ್ಲಿ ರೈಲಿನ ಟೀಸಿ ಆಗಿದ್ದಿರಬೇಕು, ಒಬ್ಬನನ್ನೇ ಐದು ಸಲ ಟಿಕೆಟ್ ಕೇಳುತ್ತಾರೆ” ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಅಣ್ಣ ಕೂತಿದ್ದರು. ಅವರೂ ನಕ್ಕರು... ಅಥವಾ ನಕ್ಕಂತೆ ಮಾಡಿದರು.

ಊಟದ ಹೊತ್ತಿಗೆ ಅವರೇ ಹುಡುಕಿಕೊಂಡು ಬಂದರು.

“ಚಂದ ಮಾತಾಡಿದೆ. ಅದು ನಂದು ಅಂತ ಯಾರಿಗೂ ಹೇಳ್ಬೇಡ, ಆಯ್ತಾ? ಮಧ್ಯಾಹ್ನ ಇಲ್ಲೇ ನಂದೊಂದು ಇಂಟರ್ವ್ಯೂ ಉಂಟು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳುವ ಬದಲು ಅವರಿಗೊಂದು ಊಟದ ತಟ್ಟೆ ತಂದುಕೊಟ್ಟೆ.

ಸಂಜೆ ವಾಶಿ ಸ್ಟೇಷನ್ನಿನಲ್ಲಿ ಮತ್ತೆ ಸಿಕ್ಕರು. ಇಂಟರ್ವ್ಯೂ ಮಾಡಿದವರೂ ನನ್ನ ಭಾಷಣ ಕೇಳಿದ್ದರಂತೆ. ಆ ಹಳೆಯ ಕೋಡ್ ಹೇಗನ್ನಿಸಿತು ಎಂದು ಅಣ್ಣನನ್ನು ಕೇಳಿದರಂತೆ.

“ಒಳ್ಳೇದುಂಟು ಅಂದೆ. ಅವರ ಮೋರೆ ಸಪ್ಪಗಾಯ್ತು.”

“ಅಯ್ಯೋ, ಕೆಟ್ಟದು ಅಂದಿದ್ರೆ ಮುಗೀತಿತ್ತಲ್ಲ ಅಣ್ಣ!”

“ಹೇಗೆ ಅನ್ನುದು? ಅದ್ರಿಂದ ನಿನ್ನ ಕೆಲ್ಸ ಉಳೀಲಿಲ್ವಾ?”

ಅಣ್ಣನಿಗೆ ಆ ಕೆಲಸ ಸಿಗಲಿಲ್ಲ.

ಈಗ ಅವರಿಲ್ಲ. ತೀರಿಕೊಂಡದ್ದು ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ತಿಳಿಯಿತು. ನನ್ನ ಭಾಷಣದ ವಿಡಿಯೊ ಮಾತ್ರ ಇನ್ನೂ ಇದೆ, ಜನ ನೋಡಿ ನಗುತ್ತಲೂ ಇದ್ದಾರೆ. ಆ ಕೋಡನ್ನು ಯಾರ ತಪ್ಪು ಮುಚ್ಚಲು ಬರೆದದ್ದೆಂದು ಅದರ ಕೆಳಗೆ ಒಂದು ಸಾಲು ಹಾಕೋಣವೆಂದು ಮೊನ್ನೆಯೂ ಕೂತೆ... ಆಗಲಿಲ್ಲ. ಆಫೀಸಿನವರೆಲ್ಲ ಅದನ್ನು ನೋಡುತ್ತಾರೆ. ಅವರಲ್ಲಿ ಒಬ್ಬರಿಗೂ ಓದಲು ಬಾರದ ಕನ್ನಡದಲ್ಲಿ ಇಲ್ಲಿ ಬರೆದಿದ್ದೇನೆ.